ಹುಲ್ಲು ಕೊಯ್ಯದ ಕುಡುಗೋಲು

ನಿಮ್ಮ ಅಪ್ಪನ ತಾಯಿಯ ಕಾಲಿನ ಹೆಬ್ಬೆರಳು ಯಾವಾಗಲೂ ಚಪ್ಪಲಿಯಿಂದ ಆಚೆಗೇ ಇರುತ್ತಿತ್ತು. ಗಂಡಸರು ಹಾಕುವ ಟೈರಿನ ಚಪ್ಪಲಿ ಅವರದು. ಅಟ್ಟೆ ಸವೆದು ಪಾದ ಮುಂದಕ್ಕೆ ಜಾರುತ್ತಿತ್ತು. ಆ ದಪ್ಪ ಬೆರಳು ದಾರಿಯ ಮಣ್ಣನ್ನು ಮುಟ್ಟಿ ನೋಡಿಕೊಂಡೇ ಮುಂದೆ ಹೋಗುತ್ತಿತ್ತು. ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಡೆಯುತ್ತಿದ್ದರು. ನೀವು ಚಿಕ್ಕವರಿದ್ದಾಗ ಅವರ ಹಿಂದೆ ಹಾಗೇ ನಡೆದು ಅಣಕಿಸುತ್ತಿದ್ದಿರಿ. ನಿಮಗೆ ಅವರು ಅಜ್ಜಿ. ನನಗೆ ಬೀಗಿತ್ತಿ.

ಹೆಣ್ಣು ಕೊಟ್ಟ ಮನೆಯಲ್ಲಿ ಹೆಣ್ಣಿನ ತಾಯಿ ಒಂದು ಹೊತ್ತು ಉಂಡು ಎದ್ದು ಬರಬೇಕು, ಉಳಿದರೆ ಹಗುರವಾಗುತ್ತಾಳೆ ಎಂದು ನಮ್ಮಮ್ಮ ನನಗೆ ಹೇಳಿಕೊಟ್ಟಿದ್ದಳು. ನಾನು ಹಾಗೇ ನಡೆದುಕೊಂಡು ಬಂದಿದ್ದೆ. ಆದರೆ ನಿಮ್ಮ ಅಮ್ಮ ಕೊಟ್ಟಿಗೆಯಲ್ಲಿ ಜಾರಿ ಕಾಲು ಮುರಿದುಕೊಂಡಾಗ ಬರದೆ ವಿಧಿಯಿರಲಿಲ್ಲ. ಹನಗೋಡಿನಿಂದ ಹುಣಸೂರು, ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ಬದಲಿಸಿ ಅಂತರಸಂತೆ. ಬ್ಯಾಗಿನಲ್ಲಿ ಸೀರೆಗಳ ಜೊತೆಗೆ ಯಾರಿಗೂ ಹೇಳದ ಒಂದು ಮಾತನ್ನೂ ಹೊತ್ತು ತಂದಿದ್ದೆ.

ನಿಮ್ಮ ತಾತ ಹೋದ ಮೇಲೆ ನಾನು ಜಮೀನನ್ನು ಬೇರೆಯವರಿಗೆ ಪಾಲಿಗೆ ಕೊಟ್ಟು, ಹಸು ಮಾರಿ, ಸುಮ್ಮನೆ ಕೂತುಬಿಟ್ಟಿದ್ದೆ. ಬೇಸರ ಬಂದರೆ ಬೇಕರಿಯ ಖಾರ, ಬಿಸ್ಕತ್ತು. ಕೂತಲ್ಲೇ ಮೈ ಬಂತು. ಹುಣಸೂರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಡಾಕ್ಟರು ಕೊಲೆಸ್ಟ್ರಾಲ್ ಜಾಸ್ತಿಯಾಗಿದೆ ಎಂದರು. ಕರಿದದ್ದು, ಬೇಕರಿ ತಿಂಡಿ, ಮಾಂಸದ ಕೊಬ್ಬು ಬಿಡಬೇಕು. ಸೊಪ್ಪು, ಕಾಳು ಹೆಚ್ಚಿಗೆ ತಿನ್ನಬೇಕು. ದಿನಾ ಬಿರುಸಾಗಿ ನಡೆಯಬೇಕು. ಕೆಲವು ತಿಂಗಳು ನೋಡೋಣ, ಇಳಿಯದಿದ್ದರೆ ಮಾತ್ರೆ ಎಂದರು. ನಾನು ತಲೆ ಎತ್ತಲಿಲ್ಲ. ದುಡಿದು ದುಡಿದು ಸತ್ತವನ ಹೆಂಡತಿ ಕೂತು ತಿಂದು ಕಾಯಿಲೆ ತಂದುಕೊಂಡಳು ಎಂದು ಯಾರಾದರೂ ಅಂದರೆ? ನಿಮ್ಮ ಅಮ್ಮನಿಗೂ ಹೇಳಲಿಲ್ಲ.

ಬೀಗರ ತಟ್ಟೆಯಲ್ಲಿ ಕಡಿಮೆ ಕಾಣಬಾರದು, ಇದು ನಿಮ್ಮ ಅಜ್ಜಿಯ ಕಟ್ಟುನಿಟ್ಟು. ಮಟನ್ ಮಾಡಿದ ದಿನ ಕೊಬ್ಬಿರುವ ತುಂಡುಗಳೇ ಮರ್ಯಾದೆಯ ತುಂಡುಗಳು; ಅವೆಲ್ಲ ನನ್ನ ತಟ್ಟೆಗೆ. ಹಬ್ಬವಿರಲಿ ಇಲ್ಲದಿರಲಿ, ಪಾಮಾಯಿಲಿನಲ್ಲಿ ಕರಿದ ವಡೆ. ಬೇಡ ಎಂದರೆ ಬೀಗಿತ್ತಿಗೆ ಅವಮಾನ. ತಿಂದರೆ ಡಾಕ್ಟರ ಮಾತು. ನಿಮ್ಮ ಅಮ್ಮನಿಗೆ ಊಟ ಕೊಡುವ ನೆಪ ಮಾಡಿ ತಟ್ಟೆ ಹಿಡಿದು ಎದ್ದು, ಹುಲ್ಲಿನ ಮೆದೆಯ ಹಿಂದೆ ನಾಯಿಗೆ ಹಾಕುತ್ತಿದ್ದೆ. ಒಂದು ಮಧ್ಯಾಹ್ನ ತಿರುಗಿ ನೋಡಿದರೆ ಆ ಹೆಬ್ಬೆರಳು ಕಾಣಿಸಿತು. ಅವರು ಅಲ್ಲೇ ನಿಂತಿದ್ದರು.

"ನನ್ ಕೈ ಅಡ್ಗೆ ಸೇರಾಕಿಲ್ಲ ಅಂದ್ರೆ ಮುಖಕ್ಕೇ ಹೇಳ್ಬೋದಿತ್ತು ಬೀಗ್ರೇ," ಎಂದರು. ದನಿ ಸಣ್ಣದಾಗಿತ್ತು.

ಆಗ ಹೇಳಲೇಬೇಕಾಯಿತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಎಲ್ಲವನ್ನೂ ಹೇಳಿದೆ. ಯಾರಿಗೂ ಹೇಳಬೇಡಿ ಎಂದು ಕೈ ಹಿಡಿದುಕೊಂಡೆ. ಅವರು ನಾಯಿಯನ್ನು ನೋಡಿದರು.

"ಇಷ್ಟೇಯಾ? ಈಗ ಆ ಕಾಯ್ಲೆ ಇದ್ಕೆ ಬಂದಿರ್ತದೆ ಬುಡಿ."

ಆವತ್ತು ಸಂಜೆಯಿಂದ ಮನೆಯ ಅಡುಗೆಯೇ ಬದಲಾಯಿತು. ಮುದ್ದೆ, ಹುರುಳಿಕಾಳಿನ ಸಾರು, ಬಸ್ಸಾರು, ಒಗ್ಗರಣೆಗೆ ಒಂದಿಷ್ಟೇ ಎಣ್ಣೆ. ವಡೆ ಬೇಕೆಂದು ನೀವು ರಂಪ ಮಾಡಿದಿರಿ. ನಿಮ್ಮ ಅಪ್ಪ ಯಾಕಮ್ಮ ಎಂದು ಕೇಳಿದರೆ, ಈಚೀಚೆಗೆ ತನಗೇ ಎಣ್ಣೆ ಪದಾರ್ಥ ಒಗ್ಗುತ್ತಿಲ್ಲ ಎಂದು ತನ್ನ ಹೊಟ್ಟೆಯ ಮೇಲೆ ಹಾಕಿಕೊಂಡರು. ನಾನು ತಟ್ಟೆ ನೋಡಿಕೊಂಡು ಉಂಡೆ.

ಊಟ ಸರಿಹೋಯಿತು, ನಡಿಗೆ ಆಗಲಿಲ್ಲ. ನಮ್ಮ ಕಡೆ ಹೆಂಗಸು ದಾರಿಗೆ ಇಳಿದರೆ ಎದುರಿಗೆ ಬಂದವರೆಲ್ಲ ಎಲ್ಲಿಗೆ ಎಂದು ಕೇಳುತ್ತಾರೆ. ಹೊಲಕ್ಕೆ, ಅಂಗಡಿಗೆ, ಡೈರಿಗೆ ಎಂದು ಏನಾದರೂ ಹೇಳಬೇಕು. ಕೆಲಸವಿಲ್ಲದೆ, ಅದೂ ಬೀಗರ ಊರಿನಲ್ಲಿ, ಗಂಡನಿಲ್ಲದ ನಾನು ಕೈ ಬೀಸಿಕೊಂಡು ಹೋಗುವುದು ಹೇಗೆ? ಸತ್ತರೂ ಆಗುವುದಿಲ್ಲ ಎಂದೆ. ಮರುದಿನ ಬೆಳಿಗ್ಗೆ ಅವರು ಸೂರಿನಿಂದ ಹಳೆಯ ಕುಡುಗೋಲನ್ನು ಎಳೆದು ನನ್ನ ಕೈಗಿಟ್ಟು, ಒಂದು ಹಗ್ಗವನ್ನು ನನ್ನ ಹೆಗಲಿಗೆ ಹಾಕಿದರು.

"ಕೈಲಿ ಕುಡ್ಲು ಇದ್ರೆ ಯಾರೂ ಏನೂ ಕೇಳಾಕಿಲ್ಲ. ನಡೀರಿ."

ಅವರು ಹೇಳಿದ್ದು ಸರಿಯಾಗಿತ್ತು. ದಿನಾ ಬೆಳಿಗ್ಗೆ ಹೊಲಗಳ ನಡುವಿನ ದಾರಿಯಲ್ಲಿ ಕಾಡಿನಂಚಿನ ಆನೆ ಕಂದಕದವರೆಗೆ ಹೋಗಿ ಬರುತ್ತಿದ್ದೆವು. ಮೊದಮೊದಲು ನನಗೆ ಉಸಿರು ಹತ್ತುತ್ತಿತ್ತು. ಅವರು ನಿಲ್ಲುತ್ತಿರಲಿಲ್ಲ, ನಿಧಾನ ಮಾಡುತ್ತಿದ್ದರು. ಹುಲ್ಲಿಗೆ ಹೊರಟಿರಾ ಎಂದು ಯಾರಾದರೂ ಅಂದರೆ ಹೂಂ ಎನ್ನುತ್ತಿದ್ದರು. ಬರುವಾಗ ಹೊರೆ ಇಲ್ಲದಿರುವುದನ್ನು ಯಾರಾದರೂ ನೋಡುತ್ತಾರೆಂದು ನಮಗಿಬ್ಬರಿಗೂ ಹೊಳೆಯಲೇ ಇಲ್ಲ.

ಒಂದು ದಿನ ವಾಪಸು ಬಂದಾಗ ಜಗಲಿಯ ಮುಂದೆ ಮೂಲೆಮನೆಯವನು ನಿಂತಿದ್ದ. ನಿಮ್ಮ ಅಪ್ಪನಿಗೆ ದಾಯಾದಿ ಅಣ್ಣ. ಕಂದಕದ ಪಕ್ಕದ ಅವನ ಹೊಲದಲ್ಲಿ ದನಕ್ಕೆಂದು ಬೆಳೆಸಿದ್ದ ಸೀಮೆಹುಲ್ಲನ್ನು ಯಾರೋ ಕೊಯ್ದುಕೊಂಡು ಹೋಗಿದ್ದರು. ಜೊತೆಗೆ ಇನ್ನಿಬ್ಬರು ಗಂಡಸರು. ನಾನು ಬಾಗಿಲ ಒಳಕ್ಕೆ ಸರಿದುಕೊಂಡೆ.

"ದೊಡ್ಡವ್ವ, ದಿನಾ ಕುಡ್ಲು ತಗಂಡೋಯ್ತೀರಿ. ಹೊರೆ ಮಾತ್ರ ಒಂದಿನಾನೂ ಕಾಣ್ನಿಲ್ಲ. ಆ ಹುಲ್ಲು ಎಲ್ಲಿಗೋಯ್ತದೆ?"

"ನಿನ್ ಹೊಲ್ದಾಗೆ ಕುಯ್ಯಂಗಿದ್ರೆ ನಿನ್ನೇ ಕರ್ದು ಹೊರುಸ್ತಿದ್ದೆ ಕಣ್ಲಾ," ಎಂದು ಅವರು ನಕ್ಕರು. ಅವನು ನಗಲಿಲ್ಲ. ಮಾರಿಕೊಂಡಿರಬೇಕು ಎಂದು ಜೊತೆಯಲ್ಲಿದ್ದವನೊಬ್ಬ ಗೊಣಗಿದ. ಅಷ್ಟರಲ್ಲಿ ನಿಮ್ಮ ಅಪ್ಪ ಕೊಟ್ಟಿಗೆಯಿಂದ ಬಂದು, ಹಾಗಾದರೆ ದಿನಾ ಎಲ್ಲಿಗೆ ಹೋಗುತ್ತೀಯಮ್ಮ ಎಂದು ತಾನೂ ಕೇಳಿಬಿಟ್ಟರು. ನಿಮ್ಮ ಅಜ್ಜಿಯ ಮುಖ ಬಾಡಿತು. ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಆ ಮಾತು ನನ್ನದು. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಆಯ್ತು ಬುಡು ಮಗ. ನಮ್ ತೋಟ್ದಲ್ಲೂ ಸೀಮೆಹುಲ್ಲದೆ. ಬೇಕಾದಷ್ಟು ಕುಯ್ಕೋ."

ಮಕ್ಕಳೇ, ಅಳಿಯನ ಎದುರು ನಿಂತು ನಾನು ಆವರೆಗೆ ಮಾತಾಡಿದವಳಲ್ಲ. ಹೇಗೆ ಹೊಸಿಲು ದಾಟಿದೆನೋ ಗೊತ್ತಿಲ್ಲ. ಕಣ್ಣು ನೆಲದ ಮೇಲಿತ್ತು.

"ಅವ್ರು ಕದ್ದಿಲ್ಲ ಕಣಪ್ಪ. ನಂಗೆ ರಕ್ತದಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಆಗದೆ. ಡಾಕ್ಟ್ರು ನಡೀರಿ ಅಂದವ್ರೆ. ಬರಿಗೈಲಿ ನಡಿಯಕ್ಕೆ ನಂಗೆ ನಾಚ್ಕೆ. ಅದ್ಕೆ ಆ ಕುಡ್ಲು."

ಒಬ್ಬ ಕಿಸಕ್ಕೆಂದು ನಕ್ಕ. ನನ್ನ ಮೈ ಎಲ್ಲರ ಬಾಯಿಗೆ ಬಿದ್ದಂತಾಯಿತು. ಮೂಲೆಮನೆಯವನು ನನ್ನ ಕೈಯಲ್ಲಿದ್ದ ಕುಡುಗೋಲನ್ನು ತೆಗೆದುಕೊಂಡು ತಿರುವಿ ನೋಡಿದ. ಬಾಯಿಗೆಲ್ಲ ತುಕ್ಕು. ಹಲ್ಲುಗಳ ಸಂದಿನಲ್ಲಿ ಒಂದು ಎಸಳು ಹಸಿರಿಲ್ಲ. ಅದನ್ನು ಮೆಲ್ಲಗೆ ಜಗಲಿಯ ಮೇಲಿಟ್ಟು, ತಪ್ಪಾಯ್ತು ದೊಡ್ಡವ್ವ ಎಂದು ಹೊರಟುಹೋದ.

ಬೀಗಿತ್ತಿ ನನ್ನನ್ನು ಮೆಚ್ಚಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅಡುಗೆಮನೆಗೆ ಬಂದು ಬೈದರು. ಎರಡು ಹೊರೆ ಹುಲ್ಲಿಗೆ ಮುಗಿಯುವುದನ್ನು ಊರಿಗೆಲ್ಲ ಸಾರಿದಿರಲ್ಲ ಎಂದರು. ಬೈಯುತ್ತಲೇ ಕಣ್ಣೊರೆಸಿಕೊಂಡರು. ಆಗ ನನಗೆ ಇನ್ನೂ ನಾಚಿಕೆಯಾಯಿತು. ಕಳ್ಳಿ ಅನ್ನಿಸಿಕೊಳ್ಳಲು ಅವರು ನಾಚಲಿಲ್ಲ. ಕಾಯಿಲೆಯವಳು ಅನ್ನಿಸಿಕೊಳ್ಳಲು ನಾನು ನಾಚಿದ್ದೆ.

ಮರುದಿನ ಅವರು ಕುಡುಗೋಲು ಮುಟ್ಟಲಿಲ್ಲ. ಇನ್ನು ಕೈ ಬೀಸಿಕೊಂಡೇ ನಡೆಯಿರಿ ಎಂದರು. ಡೈರಿಯ ಮುಂದೆ ಯಾರೋ, "ಕೊಲೆಸ್ಟ್ರಾಲ್ ಬೀಗ್ತೀರು ಬಂದ್ರು, ದಾರಿ ಬುಡ್ರಲಾ" ಎಂದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ನಿಮ್ಮ ಅಜ್ಜಿ ಮಾತ್ರ, "ನೀನೂ ಬಾ, ನಿನ್ ಹೊಟ್ಟೆ ನಮ್ಗಿಂತ ಮುಂದ್ಗಡೆ ಅದೆ" ಎಂದು ನಡೆದೇಬಿಟ್ಟರು.

ನಿಮ್ಮ ಅಮ್ಮನ ಕಾಲು ಕೂಡಿತು. ನಾನು ಊರಿಗೆ ಬಂದೆ, ನಡಿಗೆ ಬಿಡಲಿಲ್ಲ. ಮತ್ತೆ ರಕ್ತ ಪರೀಕ್ಷೆಯಾದಾಗ ಡಾಕ್ಟರು, ಇಳಿದಿದೆ, ಸದ್ಯಕ್ಕೆ ಮಾತ್ರೆ ಬೇಡ, ಹೀಗೇ ಇರಿ, ಆಗಾಗ ಬಂದು ತೋರಿಸಿ ಎಂದರು. ಫೋನಿನಲ್ಲಿ ಹೇಳಿದರೆ ನಿಮ್ಮ ಅಜ್ಜಿ, ನಾಯಿಗೂ ಇಳಿದಿದೆಯಂತೆ ಎಂದರು.

ಹೋದ ವರ್ಷ ಜ್ವರ ಬಂದು ಮಲಗಿದವರು ಏಳಲಿಲ್ಲ. ತಿಥಿಯ ದಿನ ನೀವೂ ಪಂಕ್ತಿಯಲ್ಲಿದ್ದಿರಿ. ಮೂಲೆಮನೆಯವನು ಬಾಡೂಟದ ಬಕೆಟ್ಟು ಹಿಡಿದು ಬಡಿಸುತ್ತಾ ಬರುತ್ತಿದ್ದ. ನನ್ನ ಎಲೆಗೆ ಹೇಗೆ ಬೇಡ ಎನ್ನಲಿ ಎಂದು ನಾನು ಕುಗ್ಗಿ ಕೂತಿದ್ದೆ. ಅವನು ನನ್ನ ಮುಂದೆ ನಿಂತ, ಬಕೆಟ್ಟನ್ನು ಇನ್ನೊಬ್ಬನ ಕೈಗೆ ಕೊಟ್ಟ, ಒಳಗೆ ಹೋಗಿ ಒಂದು ಬಟ್ಟಲು ಬಸ್ಸಾರು ತಂದ.

"ಬೀಗ್ತೀರು ಬಾಯ್ಬುಟ್ಟು ಕೇಳಾಕಿಲ್ಲ, ನೀನೇ ನೋಡಿ ಬಡ್ಸು ಅಂತ ದೊಡ್ಡವ್ವ ಮಲ್ಗಿದ್ದಾಗ ಹೇಳಿದ್ರು."

ನಾನು ಎಲೆಯ ಮೇಲೆ ಬಾಗಿ, ನಿಮಗೆ ಮುಖ ಕಾಣದ ಹಾಗೆ ಉಂಡೆ.

ಮರುದಿನ ಬೆಳಿಗ್ಗೆ ಒಬ್ಬಳೇ ಕಂದಕದ ಕಡೆ ಹೊರಟೆ. ಡೈರಿಯ ಮುಂದಿದ್ದವರು ಎಲ್ಲಿಗೆ ಬೀಗ್ರೇ ಎಂದು ಕೇಳಿದರು. ಕೈಯಲ್ಲಿ ಏನೂ ಇರಲಿಲ್ಲ. ಕಿವಿ ಬಿಸಿಯಾಯಿತು.

"ಎಲ್ಲಿಗೂ ಇಲ್ಲ ಕಣ್ರಪ್ಪ," ಎಂದೆ, "ನಡೀತಾ ಇವ್ನಿ."