ತಂಗಿಯ ಬಳಿ ಇಟ್ಟ ಹಾಡುಗಳು

ಗಿರಣಿಯಕ್ಕ ಎಂದರೆ ಆ ಓಣಿಯಲ್ಲಿ ಎಲ್ಲರಿಗೂ ಗೊತ್ತು. ನೂಲಿನ ಗಿರಣಿಯಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತಳಾದವಳು. ಯಂತ್ರಗಳ ನಡುವೆ ಕೂಗಿ ಕೂಗಿ ದನಿ ಒರಟಾಗಿ, ಕುಶಲ ಕೇಳಿದರೂ ಜಗಳಕ್ಕೆ ನಿಂತಂತಿರುತ್ತಿತ್ತು. ಅವಳು ಒಂದು ಕಾಲಕ್ಕೆ ಹಾಡು ಕಟ್ಟುತ್ತಿದ್ದಳೆಂದರೆ ನಂಬುವವರು ಯಾರು?

ಮದುವೆಗೆ ಮುಂಚೆ ಅವಳೂ ಅವಳ ತಂಗಿಯೂ ಮನೆಯಲ್ಲಿ ಕೂತು ಅಂಗಡಿಗಳಿಗೆ ಕಾಗದದ ಚೀಲ ಅಂಟಿಸುತ್ತಿದ್ದರು. ಮಡಿಸು, ಸವರು, ಒತ್ತು. ಆ ಲಯಕ್ಕೆ ಅಕ್ಕನ ಬಾಯಲ್ಲಿ ಸಾಲು ಹುಟ್ಟುತ್ತಿತ್ತು. ಬರೆದುಕೊಳ್ಳೋಣವೆಂದರೆ ಕೈತುಂಬ ಅಂಟು. "ಇಟ್ಕೊಳ್ಳೇ ಪುಟ್ಟಿ" ಎನ್ನುವಳು. ತಂಗಿ ಒಮ್ಮೆ ಕೇಳಿದರೆ ಸಾಕು, ಕಲ್ಲಿನಲ್ಲಿ ಕೊರೆದ ಹಾಗೆ. ಹೀಗೆ ನಲವತ್ತಕ್ಕೂ ಹೆಚ್ಚು ಹಾಡು ತಂಗಿಯಲ್ಲಿ ಉಳಿದವು; ಅಕ್ಕ ನಿಶ್ಚಿಂತೆಯಿಂದ ಮರೆತಳು.

ಒಮ್ಮೆ ಸೋದರತ್ತೆಯ ಮಗಳು, ನಿಮ್ಮಕ್ಕನೇ ಕಳಿಸಿದಳೆಂದು ತಂಗಿಗೆ ಸುಳ್ಳು ಹೇಳಿ ಒಂದು ಹಾಡು ಕಲಿತು, ಮದುವೆಮನೆಯಲ್ಲಿ ತನ್ನದೆಂದೇ ಹಾಡಿಬಿಟ್ಟಳು. ಅಂದು ಅಕ್ಕ ತಂಗಿಯಿಂದ ಆಣೆ ಮಾಡಿಸಿಕೊಂಡಳು: "ಇನ್ಮೇಲೆ ನಾನೇ ಬಂದು ಕೇಳಿದ್ರೆ ಮಾತ್ರ ಕೊಡ್ಬೇಕು. ಬೇರೆ ಯಾರೇ ಬಂದ್ರೂ ಬಾಯಿ ಬಿಡ್ಬಾರ್ದು."

ಮದುವೆಯಾಗಿ ಗಿರಣಿ ಸೇರಿದ ಮೇಲೆ ಹಾಡು ಕಟ್ಟುವುದೇ ನಿಂತುಹೋಯಿತು. ನಿವೃತ್ತಿಯಾದ ಎರಡನೇ ತಿಂಗಳು, ಬೆಳಗಿನ ಪ್ರಾರ್ಥನೆ ಮುಗಿಸಿ ಹಾಸಿಗೆ ಮಡಿಸುವಾಗ ಆ ಹಳೆಯ ಹಾಡೊಂದರ ಎರಡು ಸಾಲು ತಾವಾಗಿ ಬಂದವು.

ಬಾಗಿಲ ತೆಗೆದಿಟ್ಟೆ ಬಾರಯ್ಯ ತಂಗಾಳಿ
ಬರಿಗೈಲಿ ಬಂದರೂ ಸರಿಯಯ್ಯ

ಮೂರನೆಯದು ಬರಲಿಲ್ಲ. ಒಂದು ವಾರ ತಡಕಾಡಿದಳು. ಹೊಸದು ಕಟ್ಟಿ ಸೇರಿಸಿದರೆ ತೇಪೆ ಹಾಕಿದ ಹಾಗಿತ್ತು. ಆ ಸಾಲೊಂದು ಸಿಕ್ಕರೆ ನಿಂತುಹೋದ ಕಡೆಯಿಂದ ಮತ್ತೆ ಕಟ್ಟಬಲ್ಲೆ ಎನಿಸಿತು. ತಂಗಿಗೆ ಮರೆವು ಶುರುವಾದದ್ದು ಗೊತ್ತಿತ್ತು. ಆದರೂ ಹಿಂದಿನ ಸಲ ಗುರುತು ಹಿಡಿದಿದ್ದಳಲ್ಲ! ದೇವರ ಮೇಲೆ ಭಾರ ಹಾಕಿ ಬಸ್ಸು ಹತ್ತಿದಳು.

ತಂಗಿಯ ಮಗಳು ಬಾಗಿಲು ತೆರೆದಳು. "ದೊಡ್ಡಮ್ಮ, ಹೆದರ್ಕೋಬೇಡಿ. ನಿನ್ನೆ ಅಮ್ಮ ನನ್ನನ್ನೇ ನರ್ಸಮ್ಮ ಅಂದ್ಲು. ಹಾಡು ಮಾತ್ರ ಒಬ್ಳೇ ಇದ್ದಾಗ ಹಾಡ್ಕೊಳ್ತಾಳೆ. ನಾವು ಹತ್ರ ಹೋದ್ರೆ ಬಾಯಿಗೆ ಬೀಗ."

ಕಿಟಕಿಯ ಬಳಿ ಗುನುಗುತ್ತ ಕೂತಿದ್ದ ತಂಗಿ ಅಕ್ಕನನ್ನು ಕಂಡು ಸುಮ್ಮನಾದಳು.

"ಪುಟ್ಟೀ, ನಾನು ಕಣೇ."

"ಹಾಗೆಲ್ಲ ಕರೀಬೇಡಿ. ಪುಟ್ಟಿ ಅಂತ ನಮ್ಮಕ್ಕ ಒಬ್ಳೇ ಕರಿಯೋದು."

"ನಿಮ್ಮಕ್ಕ ನಾನೇ ಅಲ್ವೇನೇ! ಸರಿಯಾಗಿ ನೋಡು."

ತಂಗಿ ನೋಡಿದಳು, ಫಕ್ಕನೆ ನಕ್ಕಳು. "ಒಳ್ಳೆ ತಮಾಷೆ! ನಮ್ಮಕ್ಕನ ಜಡೆ ಸೊಂಟದ ತನಕ ಇದೆ. ನೀವು ನೋಡಿದ್ರೆ ಅಜ್ಜಿ."

ಅಕ್ಕ ಆ ಎರಡು ಸಾಲು ಹಾಡಿದಳು. ತಂಗಿಯ ಬೆರಳುಗಳು ಮಡಿಲಲ್ಲಿ ಮಡಿಸುತ್ತ, ಸವರುತ್ತ, ಒತ್ತುತ್ತ ಕೆಲಸಕ್ಕಿಳಿದವು. ಮೂರನೆಯ ಸಾಲಿಗೆ ತುಟಿ ತೆರೆಯಿತು. ಅಷ್ಟರಲ್ಲಿ ತಂಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಇಷ್ಟು ಯಾರು ಕಲಿಸಿದ್ರು ನಿಮಗೆ? ಉಳಿದದ್ದು ಕೊಡಲ್ಲ. ಆಣೆ ಇದೆ."

"ಅಮ್ಮಾ, ಇವ್ರನ್ನ ದೊಡ್ಡಮ್ಮಾನೇ ಕಳಿಸಿರೋದು" ಎಂದಳು ಮಗಳು ಉಪಾಯ ಹೂಡಿ.

"ಹೋದ ಸಲಾನೂ ಒಬ್ಳು ಹೀಗೇ ಹೇಳಿ ಹಾಡು ಹೊತ್ಕೊಂಡು ಹೋದ್ಲು. ನಮ್ಮಕ್ಕ ಮೂರು ದಿನ ಊಟ ಬಿಟ್ಟಿದ್ಲು, ಗೊತ್ತಾ?"

ಆ ಆಣೆ ನಾನೇ ಬಿಡಿಸಿದೆ ಎನ್ನಲು ಅಕ್ಕ ಬಾಯಿ ತೆರೆದಳು. ಆದರೆ ಅದು ಯಾರ ಮಾತೆಂದು ತಂಗಿ ನಂಬಬೇಕು? ಮಗಳನ್ನೂ ಮರೆತವಳು ಅಕ್ಕನಿಗೆ ಕೊಟ್ಟ ಮಾತನ್ನು ಮರೆತಿರಲಿಲ್ಲ. ಅದನ್ನು ಕಿತ್ತುಕೊಳ್ಳಲು ಅಕ್ಕನಿಗೆ ಮನಸ್ಸಾಗಲಿಲ್ಲ. ಎದ್ದು ನಿಂತಳು.

ಬಂದವಳನ್ನು ನೋಯಿಸಿದೆನೆಂದು ತಂಗಿಗೆ ಮರುಕವಾಯಿತೇನೋ, ಸೆರಗು ಹಿಡಿದು ಎಳೆದಳು. "ಬೇಜಾರಾಗ್ಬೇಡಿ ಅಜ್ಜಿ. ಗಿರಣಿ ಕಡೆ ಹೋದ್ರೆ ನಮ್ಮಕ್ಕ ಸಿಗ್ತಾಳೆ. ಎಲ್ಲಾ ಜೋಪಾನವಾಗಿದೆ, ಒಂದೂ ಯಾರಿಗೂ ಕೊಟ್ಟಿಲ್ಲ ಅಂತ ಹೇಳಿ. ಬೇಗ ಬಂದು ಕೇಳು ಅಂತ ಹೇಳಿ."

"ಹೇಳ್ತೀನಮ್ಮ," ಎಂದಳು ಅಕ್ಕ.