ಬಕೆಟ್ಟಿನ ಮುಂದೆ ವಾದಿರಾಜ ರಾಯರು

ಕಲ್ಕತ್ತೆಯ ಸಾಲ್ಟ್ ಲೇಕಿನ ಹೊಸ ಕಂಪ್ಯೂಟರ್ ಆಫೀಸುಗಳಿಗೆ ದಿನವೂ ಐನೂರು ಜನರ ಊಟ ಕಳಿಸುವ ನಮ್ಮ ಎದುರುಮನೆಯ ವಾದಿರಾಜ ರಾಯರು ಕುದಿಯುವ ಸಾಂಬಾರಿನ ಕೊಪ್ಪರಿಗೆಗೆ ಹೆದರುವವರಲ್ಲ. ಅವರು ಹೆದರುವುದು ಒಂದು ಬಕೆಟ್ ನೀರಿಗೆ. ಚಳಿಗಾಲದ ಪ್ರತಿ ಭಾನುವಾರ ಅವರು ಮೀನಿನ ತೊಟ್ಟಿಯ ನೀರು ಬದಲಿಸಬೇಕು. ಕ್ಲೋರಿನ್ ವಾಸನೆ ಹೋಗಲೆಂದು ಹಿಂದಿನ ದಿನವೇ ಹಿಡಿದಿಟ್ಟ ನೀರು ಇಲ್ಲಿಯ ಚಳಿಗೆ ಕೊರೆಯುತ್ತಿರುತ್ತದೆ, ಹಾಗೇ ಸುರಿದರೆ ಮೀನುಗಳು ಸಾಯುತ್ತವೆ. ಅದಕ್ಕೇ ನೀರು ಕಾಯಿಸುವ ಕರೆಂಟಿನ ರಾಡು. ರಾಯರು ರಬ್ಬರ್ ಚಪ್ಪಲಿ ಮೆಟ್ಟಿ, ನೆಲ ಒರೆಸಿ, ರಾಡನ್ನು ಗುರುತಿನವರೆಗೆ ಮುಳುಗಿಸಿದ ಮೇಲೆಯೇ ಸ್ವಿಚ್ಚು ಹಾಕುತ್ತಾರೆ. ಅದಕ್ಕೂ ಮೊದಲು ನನ್ನ ಕೈಗೊಂದು ಒಣ ಕೋಲು ಕೊಟ್ಟು ಬಾಗಿಲಲ್ಲಿ ನಿಲ್ಲಿಸುತ್ತಾರೆ. "ಪದ್ದಕ್ಕಾ, ನಾನು ಬಿದ್ರೆ ಮುಟ್ಬೇಡಿ ಮಾರಾಯ್ರೆ. ಮೊದ್ಲು ಸ್ವಿಚ್ಚು, ಆಮೇಲೆ ಕೋಲು." "ಹೆದರಿ ನಾನೇ ಬಿದ್ರೆ ಎಂತ ಮಾಡ್ತೀರಿ?" ಎಂದು ನಾನು ಕೇಳಿದರೂ ರಾಯರು ನಗುವುದಿಲ್ಲ. ನೀರು ಕಾದ ಮೇಲೆ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು ನನಗೆ ತೋರಿಸಿ, "ಕಿತ್ತದ್ದು ನೋಡಿದ್ರಲ್ಲ?" ಎಂದು ಎರಡು ಸಲ ಕೇಳುತ್ತಾರೆ. ಆಮೇಲೆ ರಾಡು ಎತ್ತಿಟ್ಟು, ಮರದ ಸೌಟಿನಿಂದ ನೀರು ಕಲಕಿ, ಥರ್ಮಾಮೀಟರ್ ಇಳಿಬಿಟ್ಟು, ತೊಟ್ಟಿಯಷ್ಟೇ ಬಿಸಿ ಇದೆಯೇ ಎಂದು ನೋಡುತ್ತಾರೆ. ಬೆರಳನ್ನು ಮಾತ್ರ ಎಂದೂ ಅದ್ದುವುದಿಲ್ಲ. ಮೀನು ಸಾಕಿದ್ದು ಅವರ ಹೆಂಡತಿ ಪ್ರಭಾವತಿ. ಆಕೆ ಬೆಳೆದ ಉಡುಪಿಯ ಕಡೆ ಸೌದೆ ಒಲೆಯ ಹಂಡೆಯ ನೀರು ಕಾದಿದೆಯೇ ಎಂದು ಕೈ ಅದ್ದಿಯೇ ನೋಡುವುದು. ಮೂರು ವರ್ಷದ ಹಿಂದೆ ಆಕೆ ಈ ಬಕೆಟ್ಟಿಗೂ ಹಾಗೆಯೇ ಕೈ ಅದ್ದಿದಳು, ಸ್ವಿಚ್ಚು ಆರಿಸುವ ಮೊದಲೇ, ಮತ್ತೆ ಏಳಲಿಲ್ಲ. ಆ ದಿನ "ನೀರು ಕಾಯ್ತಾ ನೋಡು" ಎಂದು ಅಡುಗೆಮನೆಯಿಂದ ಕೂಗಿ ಹೇಳಿದವರು ರಾಯರೇ.