ಕೊಟ್ಟಿಗೆಯಲ್ಲಿ ಕೇಳಿದ ಸಿಳ್ಳೆ

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ನಮ್ಮ ಯಜಮಾನರು ತೀರಿಕೊಂಡರು. ಬೆಳಿಗ್ಗೆ ಎಂದಿನಂತೆ ಹಾಲು ಕರೆದು, ಡೇರಿಗೆ ಹಾಕಿ ಬಂದು, ಸ್ನಾನ ಮಾಡಿ, ಊಟದ ಡಬ್ಬಿ ಹಿಡಿದುಕೊಂಡು ಬೆಂಗಳೂರಿನ ಕೆಲಸಕ್ಕೆ ಹೊರಟಿದ್ದರು. ಬಂಗಾರಪೇಟೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲೇ ಕುಸಿದು ಬಿದ್ದರಂತೆ. ದಿನಾ ಅವರ ಜೊತೆ ರೈಲಿನಲ್ಲಿ ಓಡಾಡುತ್ತಿದ್ದವರು ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಾಯಂಕಾಲ ಯಾರೋ ಆ ಡಬ್ಬಿಯನ್ನು ತಂದು ನನ್ನ ಕೈಗೆ ಕೊಟ್ಟರು. ಮುಚ್ಚಳ ಕೂಡ ತೆಗೆದಿರಲಿಲ್ಲ.

ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಉಳಿದದ್ದು ನಾನು, ನಮ್ಮ ಅತ್ತೆ, ಕೊಟ್ಟಿಗೆಯಲ್ಲಿ ಚುಕ್ಕಿ ಎನ್ನುವ ಹಸು. ಚುಕ್ಕಿಯ ತಾಯಿ ಕರು ಹಾಕಿದ ವಾರದಲ್ಲೇ ಸತ್ತಿತ್ತು. ಯಜಮಾನರೇ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದರು. ಹಾಗಾಗಿ ಅದಕ್ಕೆ ಇವರೆಂದರೆ ಪ್ರಾಣ, ನಾನೆಂದರೆ ಅಷ್ಟಕ್ಕಷ್ಟೆ. ಹಾಲು ಕರೆಯಲು ಕೂತಾಗ ಇವರು ಒಂದು ಸಿಳ್ಳೆ ಹಾಕುತ್ತಿದ್ದರು. ಮೊದಲು ಎರಡು ಸಣ್ಣದು, ಆಮೇಲೆ ಒಂದು ಉದ್ದನೆಯದು, ಅದರ ಕೊನೆಯಲ್ಲಿ ಮೇಲಕ್ಕೆ ಒಂದು ಎಳೆತ. ಅಷ್ಟು ಕೇಳಿದರೆ ಸಾಕು, ಚುಕ್ಕಿ ಕಣ್ಣು ಅರೆಮುಚ್ಚಿ ಸೊರೆ ಬಿಡುತ್ತಿತ್ತು, ಹಾಲು ತಾನಾಗಿ ಮೊಲೆಗೆ ಇಳಿಯುತ್ತಿತ್ತು. ಸೂರಿನ ಗೊರವಂಕಗಳೂ ಆ ಹೊತ್ತಿಗೆ ಕೆಳಗಿಳಿದು ಬರುತ್ತಿದ್ದವು. ಇವರು ಒಂದು ಹಿಡಿ ಬೂಸ ಎರಚಿ, ಹಕ್ಕಿಗಳ ಜೊತೆ ಏನೇನೋ ಮಾತಾಡುತ್ತಿದ್ದರು. "ನನ್ನ ಹತ್ತಿರ ಇಷ್ಟು ಮಾತಾಡಿದ್ದರೆ ಪುಣ್ಯ ಬರುತ್ತಿತ್ತು" ಎಂದು ನಾನು ಅಡುಗೆಮನೆಯಿಂದಲೇ ಕೂಗುತ್ತಿದ್ದೆ.

ತಿಥಿ ಮುಗಿದು ನೆಂಟರೆಲ್ಲ ಹೊರಟು ಹೋದ ಮೇಲೆ ಹಾಲು ಕರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಹುಟ್ಟಿ ಬೆಳೆದದ್ದು ಕೆ.ಜಿ.ಎಫ್.ನ ಉರಿಗಾಂನಲ್ಲಿ, ಅಪ್ಪ ಕಾರ್ಖಾನೆಯ ನೌಕರ. ಮದುವೆಯಾಗುವ ತನಕ ಪ್ಯಾಕೆಟ್ ಹಾಲು ಬಿಟ್ಟರೆ ಬೇರೆ ಹಾಲು ಕಂಡವಳಲ್ಲ. ಆದರೂ ಕಲಿತಿದ್ದೆ. ಕಲಿತರೇನು, ಚುಕ್ಕಿ ಸೊರೆ ಬಿಡಬೇಕಲ್ಲ! ಕೆಚ್ಚಲು ತುಂಬಿ ಬಿಗಿದುಕೊಂಡಿದ್ದರೂ ಹಾಲು ಮೇಲಕ್ಕೆ ಎಳೆದುಕೊಂಡು ನಿಲ್ಲುತ್ತಿತ್ತು. ಬೂಸ ಇಟ್ಟೆ, ಬೆನ್ನು ಸವರಿದೆ, ಬೇಡಿಕೊಂಡೆ, ಬೈದೆ. ಒಂದು ದಿನ ಒದ್ದು ಪಾತ್ರೆಯನ್ನೂ ನನ್ನನ್ನೂ ಒಟ್ಟಿಗೆ ಉರುಳಿಸಿತು. ಸಗಣಿಯ ಮೇಲೆ ಕೂತು ಗೊಳೋ ಎಂದು ಅತ್ತುಬಿಟ್ಟೆ. ಕೆಚ್ಚಲು ಬಾತುಕೊಳ್ಳಲು ಶುರುವಾದಾಗ ಪಶುವೈದ್ಯರು ಬಂದು ನೋಡಿ, ಹೀಗೇ ಹಾಲು ನಿಂತರೆ ಹಸು ಕೆಟ್ಟುಹೋಗುತ್ತದೆ ಅಂದರು. ಹಾಲು ಕರೆಯಲು ಚೆನ್ನಾಗಿ ಗೊತ್ತಿರುವವರಿಗೆ ಮಾರಿಬಿಡುವುದು ಒಳ್ಳೆಯದು ಎಂದು ಊರಿನವರೆಲ್ಲ ಹೇಳಿದರು. ಬೇತಮಂಗಲದ ದಲ್ಲಾಳಿ ಮುನಿಯಪ್ಪ ಬಂದು ನೋಡಿಕೊಂಡೂ ಹೋದ. ನಾಳೆ ಬೆಳಿಗ್ಗೆ ಗಾಡಿ ತರುತ್ತೇನೆ ಅಂದ.

ಯಜಮಾನರ ಬಟ್ಟೆಗಳನ್ನು ಯಾರು ಯಾರಿಗೋ ಕೊಟ್ಟಾಗಿತ್ತು. ಅವರು ಕೈಯಾರೆ ಬೆಳೆಸಿದ ಜೀವ ಅಂತ ಉಳಿದಿದ್ದದ್ದು ಇದೊಂದೇ. ಅದನ್ನೂ ಹಗ್ಗ ಹಿಡಿದು ಬೇರೆಯವರಿಗೆ ಒಪ್ಪಿಸಬೇಕಲ್ಲ! ಅತ್ತೆ ಮಾತ್ರ ಎಂದಿನಂತೆ ಮನೆಕೆಲಸ ಮಾಡಿಕೊಂಡಿದ್ದರು. ನಿಜ ಹೇಳಬೇಕೆಂದರೆ, ಮಗ ಸತ್ತ ದಿನವೂ ಅವರು ಜನರ ಮುಂದೆ ಅತ್ತಿರಲಿಲ್ಲ. ದಿನಾ ಬೆಳಕು ಹರಿಯುವ ಮುಂಚೆಯೇ ಎದ್ದು ಸಗಣಿ ಬಾಚುತ್ತೇನೆಂದು ಕೊಟ್ಟಿಗೆ ಸೇರುವರು. ನಾನು ಹಿಂದೆ ಹೋದರೆ, "ನೀನ್ಯಾಕಮ್ಮ ಇಷ್ಟೊತ್ಗೆ, ಒಳಗೋಗಿ ಒಲೆ ಹಚ್ಚೋಗು" ಎಂದು ಅಟ್ಟುವರು. ಇದೇನು ಹೆಂಗಸಪ್ಪಾ, ಮಗ ಹೋದ ದುಃಖಕ್ಕಿಂತ ಸಗಣಿಯ ಚಿಂತೆಯೇ ಹೆಚ್ಚಾಯಿತಲ್ಲ ಅಂದುಕೊಳ್ಳುತ್ತಿದ್ದೆ.

ಮುನಿಯಪ್ಪ ಬರುವ ಹಿಂದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೊನೆಯದಾಗಿ ಚುಕ್ಕಿಯ ಮೈ ತೊಳೆಯೋಣ ಎಂದು ನಸುಕಿನಲ್ಲೇ ಬಕೆಟ್ಟಿಗೆ ನೀರು ತುಂಬಿಕೊಂಡು ಹಿತ್ತಿಲಿಗೆ ಹೋದೆ. ಆಗ ತಾನೇ ಮೂಡಲು ಬೆಳ್ಳಗಾಗುತ್ತಿತ್ತು. ಕೊಟ್ಟಿಗೆಯ ಬಾಗಿಲು ಮುಂದಕ್ಕೆ ಎಳೆದಿತ್ತು.

ಒಳಗಿನಿಂದ ಸಿಳ್ಳೆ ಕೇಳಿಸಿತು.

ಎರಡು ಸಣ್ಣದು, ಒಂದು ಉದ್ದನೆಯದು, ಕೊನೆಯಲ್ಲಿ ಆ ಎಳೆತ. ಅವರದೇ. ಕೈಯಿಂದ ಬಕೆಟ್ಟು ಜಾರಿ ನೀರೆಲ್ಲ ಕಾಲ ಮೇಲೆ ಚೆಲ್ಲಿತು. ಅವರ ಹೆಣಕ್ಕೆ ನೀರು ಹಾಕಿದ್ದನ್ನು ನೋಡಿದ್ದೇನೆ, ಮಣ್ಣು ಮಾಡಿದ್ದನ್ನು ನೋಡಿದ್ದೇನೆ, ಮೂರನೆಯ ದಿನ ಗುಂಡಿಯ ಮೇಲೆ ಹಾಲುತುಪ್ಪ ಬಿಟ್ಟು ಬಂದಿದ್ದೇನೆ. ಅಷ್ಟೆಲ್ಲ ಗೊತ್ತಿದ್ದೂ ನನ್ನ ಬಾಯಿ ತಾನಾಗಿಯೇ "ರೀ" ಎಂದು ಕೂಗಿತು. ಬಾಗಿಲು ತಳ್ಳಿ ಒಳಗೆ ನುಗ್ಗಿದೆ.

ಅತ್ತೆ ಮೇವು ಹಾಕುವ ಗೋದಲಿಯ ಕಟ್ಟೆಯ ಮೇಲೆ ಕೂತಿದ್ದರು. ಮಡಿಲ ತುಂಬ ರಾಗಿ. ಕೆನ್ನೆಯ ಮೇಲೆ ಕಣ್ಣೀರು ಧಾರಾಕಾರವಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳುತ್ತಲೂ ಇರಲಿಲ್ಲ. ನನ್ನನ್ನು ಕಂಡವರೇ ಕೈ ಎತ್ತಿ, "ಸದ್ದು ಮಾಡ್ಬೇಡ ಕಣೇ, ಎದ್ರಿ ಓಡೋಗ್ತಾನೆ" ಅಂದರು.

ತಲೆ ಎತ್ತಿ ನೋಡಿದೆ. ತೊಲೆಯ ಮೇಲೆ ಒಂದು ಗೊರವಂಕ ಕೂತಿತ್ತು; ಅತ್ತೆಯ ಮಡಿಲಿನ ರಾಗಿ ಅದಕ್ಕೇ. ಅದು ಕತ್ತಿನ ಗರಿ ಉಬ್ಬಿಸಿ, ಹಳದಿ ಕೊಕ್ಕು ತೆರೆದು, ಇನ್ನೊಂದು ಸಲ ಆ ಸಿಳ್ಳೆ ಹಾಕಿತು. ನನ್ನ ಕಣ್ಣೆದುರೇ ಹಾಕಿದರೂ ನಂಬಲಾಗಲಿಲ್ಲ. ಅತ್ತೆ ಹಸುವಿನ ಕಾಲ ಬಳಿ ಬೆರಳು ತೋರಿಸಿದರು. ಚುಕ್ಕಿ ಕಣ್ಣು ಅರೆಮುಚ್ಚಿ ನಿಂತಿತ್ತು. ಮೊಲೆಗಳಿಂದ ಹಾಲು ತೊಟ್ಟಿಕ್ಕಿ ನೆಲ ಬೆಳ್ಳಗಾಗುತ್ತಿತ್ತು.

ಪಾತ್ರೆ ತರಲು ಎಲ್ಲಿಯ ಹೊತ್ತು? ಉರುಳಿದ್ದ ಬಕೆಟ್ಟನ್ನೇ ತಂದು ಕೂತೆ. ಹಾಲು ಸುರಸುರನೆ ಇಳಿಯಿತು, ಅವರಿದ್ದಾಗ ಇಳಿಯುತ್ತಿದ್ದ ಹಾಗೇ. ಬಕೆಟ್ಟಿನಲ್ಲಿ ನೊರೆ ಏಳುವುದನ್ನು ನೋಡುತ್ತ ಇಬ್ಬರೂ ಅಳುತ್ತಿದ್ದೆವು.

"ಎಷ್ಟು ದಿನದಿಂದ ಅತ್ತೆ?" ಎಂದು ಕೇಳಿದೆ.

"ತಿಥಿ ಆದಾಗಿಂದ. ಗೋರಿಂಕ ಯಾರ್ ದನಿ ಕೇಳಿದ್ರೂ ಇಡ್ಕೊಂಬಿಡ್ತದೆ. ದಿನಾ ಕೇಳ್ತಿತ್ತಲ್ಲ ಇವನ್ದು. ನೀನು ಆಲು ಕರ್ಯೋಕೆ ಬರೋಷ್ಟ್ರಲ್ಲಿ ಅದು ಓಗ್ಬಿಟ್ಟಿರ್ತದೆ."

"ನನಗೆ ಯಾಕೆ ಹೇಳಲಿಲ್ಲ? ಹಸು ಮಾರೋಕೆ ಹೊರಟಿದ್ದೀವಿ!"

ಅತ್ತೆ ಮುಖ ಆ ಕಡೆ ತಿರುಗಿಸಿ ಹೇಳಿದರು: "ನಿನ್ಗೆ ಏಳೋಕೆ ಮನಸ್ ಬರ್ಲಿಲ್ಲ ಕಣಮ್ಮ. ಮದ್ವೆ ಆದ್ಮೇಲೆ ಅವನು ನಿನ್ನೋನೇ ಆಗೋದ. ಕೆಲ್ಸ, ರೈಲು, ನೀನು. ನನ್ ಅತ್ರ ಕೂತ್ಕೊಂಡು ಮಾತಾಡಿ ಎಷ್ಟ್ ವರ್ಷ ಆಗಿತ್ತೋ. ಇದೊಂದಾದ್ರೂ ನನ್ಗೇ ಇರ್ಲಿ ಅಂದ್ಕೊಂಡೆ."

ಸಿಳ್ಳೆ ಕೇಳಿದಾಗ ಆದ ಆಘಾತಕ್ಕಿಂತ ಈ ಮಾತು ಕೇಳಿ ಆದದ್ದೇ ದೊಡ್ಡದು. ಒಂದೇ ಸೂರಿನ ಕೆಳಗೆ ಒಬ್ಬನಿಗಾಗಿ ಅಳುತ್ತ, ಒಬ್ಬರಿಗೊಬ್ಬರು ಕಾಣದ ಹಾಗೆ ಇದ್ದುಬಿಟ್ಟಿದ್ದೆವಲ್ಲ! ಅತ್ತೆಯ ಮೇಲೆ ನನಗೆ ಕೋಪ ಬರಬೇಕಿತ್ತು, ಬರಲಿಲ್ಲ. ನನಗೆ ಮೊದಲು ಕೇಳಿಸಿದ್ದರೆ ನಾನು ಅವರಿಗೆ ಹೇಳುತ್ತಿದ್ದೆನೇ? ಈಗಲೂ ಗೊತ್ತಿಲ್ಲ.

ಮುನಿಯಪ್ಪ ಗಾಡಿ ತಂದ. "ಏನಮ್ಮಾ, ಅಸ ಬಿಚ್ಲಾ?" ಎಂದು ಬೀದಿಯಿಂದಲೇ ಕೂಗಿದ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಪೊರಕೆ ಹಿಡಿದುಕೊಂಡೇ ಹೊರಗೆ ಬಂದು, "ಗಾಡಿ ತಿರುಗ್ಸ್ಕೊಂಡೋಗಪ್ಪ, ನಮ್ಮಸ ಆಲು ಬಿಡ್ತು" ಅಂದರು. ಅವನು ಗೊಣಗುತ್ತ ಹೋದ. ಯಾಕೆ ಬಿಟ್ಟಿತು ಎಂದು ಅವನು ಕೇಳಲಿಲ್ಲ, ನಾವೂ ಹೇಳಲಿಲ್ಲ. ಹೇಳಿದ್ದರೆ ಗಂಡ ಸತ್ತ ದುಃಖದಲ್ಲಿ ನನಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಿದ್ದ.

ಚುಕ್ಕಿ ಈಗ ನನ್ನ ಕೈಗೆ ಒಗ್ಗಿದೆ. ಸಿಳ್ಳೆ ಇಲ್ಲದ ದಿನವೂ ಹಾಲು ಕೊಡುತ್ತದೆ. ಆದರೂ ನಾನು ನಸುಕಿನಲ್ಲೇ ಎದ್ದು ಹೋಗುತ್ತೇನೆ. ಅದು ಹಕ್ಕಿ ಎಂದು ಚೆನ್ನಾಗಿ ಗೊತ್ತು. ಆದರೆ ಸಿಳ್ಳೆ ಕಿವಿಗೆ ಬಿದ್ದ ಕ್ಷಣ ಅವರು ಒಳಗೇ ಇದ್ದಾರೆ ಅನ್ನಿಸಿಬಿಡುತ್ತದೆ. ಮರುಕ್ಷಣ ಇಲ್ಲ ಎಂದು ನೆನಪಾಗುತ್ತದೆ. ದಿನಾ ಹಾಗೆ ಮೋಸಹೋಗುವುದಕ್ಕೆಂದೇ ಏಳುತ್ತೇನೆ ಎಂದರೆ ನೀವು ನಗಬಹುದು.

ಬಾಗಿಲು ತಳ್ಳಿದರೆ ಅತ್ತೆ ಗೋದಲಿಯ ಕಟ್ಟೆಯ ಮೇಲೆ ಕೂತಿರುತ್ತಾರೆ. ಈಗ ಒಳಗೋಗು ಎನ್ನುವುದಿಲ್ಲ. ಸರಿದು ಜಾಗ ಬಿಟ್ಟು, ಮಡಿಲಿನ ರಾಗಿಯಲ್ಲಿ ಅರ್ಧ ತೆಗೆದು ನನ್ನ ಅಂಗೈಗೆ ಹಾಕುತ್ತಾರೆ.